ಆಟಗಾರ, ಆಮೇಲೆ ಗುರು: ಕಾರ್ಲ್ಟನ್ ಚಾಪ್‌ಮನ್



ನಮ್ಮ ಗೋಡೆ ಪತ್ರಿಕೆಯಲ್ಲಿ ಈವರೆಗೆ ವಿಜ್ಞಾನಿಗಳ ಬಗ್ಗೆ, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ, ಬಸವಣ್ಣನವರ ಬಗ್ಗೆ ಬಹಳ ಲೇಖನಗಳು ಬಂದಿವೆ. ಆಟಗಾರರ ಬಗ್ಗೆ ಬಂದದ್ದು ಕಡಿಮೆ. ಬಂದರೂ ಕ್ರಿಕೆಟ್ ಆಡುವವರ ಬಗ್ಗೆಯೇ ಬಂದಿವೆ. ಈ ಸಲ ನಾನು ಬೇರೆ ಒಬ್ಬರ ಬಗ್ಗೆ ಬರೆಯುತ್ತೇನೆ. ಅವರು ನಮ್ಮ ಕರ್ನಾಟಕದವರು. ಫುಟ್‌ಬಾಲ್ ಆಡಿ ದೊಡ್ಡ ಹೆಸರು ಮಾಡಿದರು. ಆಡುವುದು ಬಿಟ್ಟ ಮೇಲೆ ಮನೆಯಲ್ಲಿ ಕೂಡಲಿಲ್ಲ, ಬೇರೆಯವರಿಗೆ ಆಟ ಕಲಿಸಿದರು. ಅವರ ಹೆಸರು ಕಾರ್ಲ್ಟನ್ ಚಾಪ್‌ಮನ್.

ಈ ವಿಷಯ ಯಾಕೆ ಆರಿಸಿದೆ?

ನಮ್ಮ ಸೋದರಮಾವನ ಊರು ಸಿಂದಗಿ ತಾಲೂಕು, ದೊಡ್ಡವ್ವನ ಊರು ಮುದ್ದೇಬಿಹಾಳ ತಾಲೂಕು, ನಮ್ಮ ಅಕ್ಕನ್ನ ಕೊಟ್ಟದ್ದು ಬಸವನ ಬಾಗೇವಾಡಿ ತಾಲೂಕಿಗೆ. ನಾವಿರುವುದು ಇಂಡಿ ತಾಲೂಕು. ಸೂಟಿ ಬಿಟ್ಟಾಗ ನಾಲ್ಕೂ ತಾಲೂಕು ನೋಡಿದ್ದೇನೆ. ಎಲ್ಲಿ ಹೋದರೂ ಹುಡುಗರು ಕಬಡ್ಡಿ, ಖೋ-ಖೋ, ವಾಲಿಬಾಲ್ ಆಡುತ್ತಾರೆ. ಜಾತ್ರೆಯಲ್ಲಿ ಕುಸ್ತಿ ಇರುತ್ತದೆ. ಕ್ರಿಕೆಟ್ ಅಂತೂ ಓಣಿ ಓಣಿಗೆ ಐತಿ. ಆದರೆ ಫುಟ್‌ಬಾಲ್ ಆಡುವವರು ನನಗೆ ಕಂಡದ್ದು ಕಡಿಮೆ.

ನಮ್ಮ ಶಾಲೆಯಲ್ಲಿ ಒಂದೇ ಒಂದು ಫುಟ್‌ಬಾಲ್ ಇರುವುದು ನಿಮಗೆಲ್ಲಾ ಗೊತ್ತು. ಹೋದ ಡಿಸೆಂಬರ್‌ನಲ್ಲಿ ಪಕ್ಕದ ಊರಿನ ಶಾಲೆಯವರ ಜೊತೆ ನಾವು ಒಂದು ಆಟ ಆಡಿದೆವು. ಮೂರು ಗೋಲಿನಿಂದ ಸೋತೆವು. ನಾವು ಒಂದೂ ಹೊಡೆಯಲಿಲ್ಲ. ಈಗ ಎಲ್ಲರ ಮುಂದೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅವತ್ತು ನನ್ನ ಕಾಲಿಗೆ ಚೆಂಡು ಸಿಕ್ಕಾಗೆಲ್ಲಾ ನಾನೇ ಗೋಲು ಹೊಡೆಯಬೇಕು ಅಂತ ಒಬ್ಬನೇ ಒದ್ದುಕೊಂಡು ಹೋದೆ. ಎಡಗಡೆ ಐದನೇತ್ತೆಯ ಒಬ್ಬ ಹುಡುಗ ಖಾಲಿ ನಿಂತಿದ್ದ. “ಅಣ್ಣಾ, ಇತ್ತಾಗ ಕೊಡೋ, ಕೊಡೋ” ಅಂತ ಒದರುತ್ತಿದ್ದ. ನಾನು ಕೊಡಲಿಲ್ಲ. ಚೆಂಡು ಅವರ ಕೈವಶ ಆಯಿತು. ಆ ಹುಡುಗ ಅವತ್ತಿನಿಂದ ಆಟಕ್ಕೆ ಬರುವುದು ಬಿಟ್ಟ.

ಆಮೇಲೆ ನಮ್ಮ ಸರ್ ಅಂದರು, “ತಮ್ಮಾ, ನೀ ಚಲೋ ಓಡ್ತಿ. ಆದ್ರ ತಲಿ ಎತ್ತಿ ನೋಡಂಗಿಲ್ಲ. ನೋಡದವ ಆಡಿದ್ರೂ ಒಬ್ನ, ಸೋತ್ರೂ ಒಬ್ನ.” ಆಗ ಅವರೇ ಚಾಪ್‌ಮನ್ ಅವರ ಹೆಸರು ಹೇಳಿದರು. ಅವರ ಬಗ್ಗೆ ಕೇಳಿ, ಓದಿ ನಾನು ತಿಳಿದುಕೊಂಡದ್ದನ್ನು ಕೆಳಗೆ ಬರೆದಿದ್ದೇನೆ.

ಬಾಲ್ಯ ಮತ್ತು ಕಲಿಕೆ

ಕಾರ್ಲ್ಟನ್ ಚಾಪ್‌ಮನ್ 1971ನೇ ಇಸವಿ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಹುಡುಗನಿದ್ದಾಗ ಬೆಂಗಳೂರಿನಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಆಟ ಕಲಿತರು. ಆಮೇಲೆ ಸದರ್ನ್ ಬ್ಲೂಸ್ ಎಂಬ ಬೆಂಗಳೂರಿನ ತಂಡದಲ್ಲಿ ಆಡಿದರು.

1990ರಲ್ಲಿ ಅವರು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು. ಈ ಅಕಾಡೆಮಿ 1987ರಲ್ಲಿ ಶುರುವಾಗಿತ್ತು. ಅಕಾಡೆಮಿ ಅಂದರೆ ಆಟ ಕಲಿಸುವ ಶಾಲೆ. ಹುಡುಗರು ಅಲ್ಲಿಯೇ ಉಳಿದು, ಅಲ್ಲಿಯೇ ಉಂಡು, ಆಟ ಕಲಿಯುತ್ತಾರೆ. ನಮ್ಮ ಕಡೆಯ ವಸತಿ ಶಾಲೆ ಇದ್ದ ಹಾಗೆ. ಜಮ್‌ಶೆಡ್‌ಪುರ ಆಗ ಬಿಹಾರ ರಾಜ್ಯದಲ್ಲಿತ್ತು. 2000ದಲ್ಲಿ ಜಾರ್ಖಂಡ್ ಬೇರೆ ರಾಜ್ಯವಾದ ಮೇಲೆ ಅದರಲ್ಲಿ ಸೇರಿತು. ನಮ್ಮ ವರ್ಗದ ಗೋಡೆಗೆ ಇರುವ ಭಾರತದ ನಕಾಶೆಯಲ್ಲಿ ಬೆಂಗಳೂರಿನ ಮೇಲೆ ಒಂದು ಬೆರಳು, ಜಮ್‌ಶೆಡ್‌ಪುರದ ಮೇಲೆ ಒಂದು ಬೆರಳು ಇಟ್ಟು ನೋಡಿರಿ. 19 ವರ್ಷದವರು ಆಟ ಕಲಿಯಲು ಅಷ್ಟು ದೂರ ಹೋದರು. ನಾವು ಇಂಡಿಯ ಹೈಸ್ಕೂಲಿಗೆ ಹೋಗುವುದೇ ದೂರ ಅನ್ನುತ್ತೇವೆ.

ಮಿಡ್‌ಫೀಲ್ಡರ್ ಅಂದರೆ ಏನು?

ಫುಟ್‌ಬಾಲ್ ತಂಡದಲ್ಲಿ 11 ಜನ ಇರುತ್ತಾರೆ. ಒಬ್ಬ ಗೋಲಿ. ಅವನ ಮುಂದೆ ಕಾಯುವವರು ಇರುತ್ತಾರೆ. ಎಲ್ಲಕ್ಕಿಂತ ಮುಂದೆ ಗೋಲು ಹೊಡೆಯುವವರು. ಈ ಇಬ್ಬರ ನಡುವೆ ಇರುವವರಿಗೆ ಮಿಡ್‌ಫೀಲ್ಡರ್ ಅನ್ನುತ್ತಾರೆ. ಚಾಪ್‌ಮನ್ ಅವರು ಮಿಡ್‌ಫೀಲ್ಡರ್.

ಈ ಕೆಲಸ ನನಗೆ ಮೊದಲು ತಿಳಿಯಲಿಲ್ಲ. ಗೋಲು ಹೊಡೆಯುವವನು ತಿಳಿಯುತ್ತಾನೆ, ಗೋಲು ತಡೆಯುವವನೂ ತಿಳಿಯುತ್ತಾನೆ, ನಡುವೆ ಇರುವವನು ಏನು ಮಾಡುತ್ತಾನೆ? ಒಂದು ದಿನ ನಮ್ಮ ಲಿಂಬಿ ತೋಟದಲ್ಲಿ ಅಪ್ಪನ ಜೊತೆ ನೀರು ಹಾಯಿಸಲು ಹೋದಾಗ ತಿಳಿಯಿತು. ಬೋರಿನ ನೀರು ಕಾಲುವೆಯಲ್ಲಿ ಬರುತ್ತದೆ. ಅಪ್ಪ ಸಲಿಕೆ ಹಿಡಿದು ನಡುವೆ ನಿಂತಿರುತ್ತಾನೆ. ಯಾವ ಗಿಡದ ಬುಡ ಒಣಗಿದೆ, ಯಾವುದು ತುಂಬಿದೆ ಅಂತ ಮೊದಲೇ ನೋಡಿಕೊಂಡಿರುತ್ತಾನೆ. ಒಂದು ಕಡೆ ಮಣ್ಣು ಹಾಕಿ ಮುಚ್ಚುತ್ತಾನೆ, ಇನ್ನೊಂದು ಕಡೆ ತೆಗೆಯುತ್ತಾನೆ. ನೀರು ಬಂದ ಮೇಲೆ ವಿಚಾರ ಮಾಡುತ್ತಾ ನಿಂತರೆ ಬದು ಒಡೆದು ನೀರೆಲ್ಲಾ ಹಾಳು. ಕಾಯಿ ಬಿಡುವುದು ಗಿಡ, ಅಪ್ಪ ಅಲ್ಲ. ಆದರೆ ಅಪ್ಪ ನೀರು ತಿರುವದಿದ್ದರೆ ಗಿಡಕ್ಕೆ ಕಾಯಿ ಎಲ್ಲಿಂದ ಬರಬೇಕು?

ಮಿಡ್‌ಫೀಲ್ಡರ್ ಕೆಲಸವೂ ಹಾಗೆಯೇ. ಹಿಂದಿನಿಂದ ಬಂದ ಚೆಂಡನ್ನು ಹಿಡಿದು, ಮುಂದೆ ಯಾರು ಖಾಲಿ ಇದ್ದಾರೆ ಅಂತ ನೋಡಿ, ಅವರ ಕಾಲಿಗೆ ಮುಟ್ಟಿಸಬೇಕು. ಇದಕ್ಕೆ ಪಾಸ್ ಕೊಡುವುದು ಅನ್ನುತ್ತಾರೆ. ಚೆಂಡು ಬರುವುದಕ್ಕಿಂತ ಮೊದಲೇ ಅವನು ಸುತ್ತಲೂ ನೋಡಿರಬೇಕು.

ಮೂರು ಗೋಲಿನ ಆಟ

ಚಾಪ್‌ಮನ್ ಅವರು 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅದು ಭಾರತದ ಬಹಳ ಹಳೆಯ ತಂಡಗಳಲ್ಲಿ ಒಂದು, 1920ರಲ್ಲಿ ಹುಟ್ಟಿದ್ದು. ಅದೇ ವರ್ಷ ಏಷ್ಯಾದ ಕಪ್ ವಿನ್ನರ್ಸ್ ಕಪ್ ಎಂಬ ಪಂದ್ಯಾವಳಿಯಲ್ಲಿ ಇರಾಕ್ ದೇಶದ ಅಲ್ ಜವ್ರಾ ತಂಡದ ಎದುರು ಈಸ್ಟ್ ಬೆಂಗಾಲ್ ಆಡಿತು. ಇರಾಕಿನ ತಂಡ ಬಲಿಷ್ಠವಾಗಿತ್ತು. ಆದರೂ ಈಸ್ಟ್ ಬೆಂಗಾಲ್ 6-2 ಗೋಲುಗಳಿಂದ ಗೆದ್ದಿತು. ಆ ಆರರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಒಂದೇ ಆಟದಲ್ಲಿ ಒಬ್ಬರೇ ಮೂರು ಗೋಲು ಹೊಡೆದರೆ ಅದಕ್ಕೆ ಹ್ಯಾಟ್ರಿಕ್ ಅನ್ನುತ್ತಾರೆ.

ಇದನ್ನು ಓದಿದಾಗ ನಾನು ಸರ್ ಅವರಿಗೆ ಕೇಳಿದೆ, “ಸರ್, ನಡುವ ಆಡಾವ್ರು ಪಾಸ್ ಕೊಡ್ಬೇಕು ಅಂದ್ರಿ. ಮತ್ತ ಇವರು ಮೂರು ಗೋಲು ಹ್ಯಾಂಗ ಹೊಡದ್ರು?” ಸರ್ ನಕ್ಕರು. “ಯಾವಾಗ ಕೊಡಬೇಕು, ಯಾವಾಗ ಹೊಡಿಬೇಕು ಅನ್ನೂದು ತಿಳದಾವ್ನ ಆಟಗಾರ. ನಿನಗ ಒಂದ ತಿಳದೈತಿ” ಅಂದರು.

ಗೆಲುವಿನ ವರ್ಷಗಳು

1995ರಲ್ಲಿ ಚಾಪ್‌ಮನ್ ಅವರು ಪಂಜಾಬಿನ ಫಗ್ವಾರಾ ಊರಿನ ಜೆ.ಸಿ.ಟಿ. ತಂಡ ಸೇರಿದರು. ಅದು ಒಂದು ಬಟ್ಟೆ ಗಿರಣಿಯವರು ಕಟ್ಟಿದ ತಂಡ. ಅಲ್ಲಿ ಅವರ ಜೊತೆ ಐ. ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಇದ್ದರು. ವಿಜಯನ್ ಅವರು ಕೇರಳದ ತ್ರಿಶ್ಶೂರಿನವರು. ಬಡತನದಿಂದಾಗಿ ಹುಡುಗನಿದ್ದಾಗ ಮೈದಾನದಲ್ಲಿ ಸೋಡಾ ಬಾಟಲಿ ಮಾರುತ್ತಿದ್ದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭುಟಿಯಾ ಅವರು ಸಿಕ್ಕಿಂನವರು. ಕರ್ನಾಟಕ, ಕೇರಳ, ಸಿಕ್ಕಿಂ ಮೂರು ದಿಕ್ಕಿನ ಮೂವರು ಪಂಜಾಬಿನ ಒಂದೇ ತಂಡದಲ್ಲಿ ಆಡಿದರು. ಮನೆಯ ಭಾಷೆ ಬೇರೆ ಬೇರೆ ಇದ್ದರೂ ಪಾಸ್ ಕೊಡುವುದಕ್ಕೆ ಏನೂ ಅಡ್ಡಿ ಆಗಲಿಲ್ಲ.

1996ರಲ್ಲಿ ಭಾರತದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಮೊದಲ ಸಲ ಶುರುವಾಯಿತು. ಲೀಗ್ ಅಂದರೆ ಒಂದು ಸಲ ಸೋತರೆ ಮನೆಗೆ ಹೋಗುವ ಪಂದ್ಯಾವಳಿ ಅಲ್ಲ. ಎಲ್ಲಾ ತಂಡಗಳ ಜೊತೆ ಆಡಿ ಹೆಚ್ಚು ಅಂಕ ಗಳಿಸಿದವರು ಗೆಲ್ಲುತ್ತಾರೆ. ಆ ಮೊದಲ ಲೀಗನ್ನು (1996-97) ಜೆ.ಸಿ.ಟಿ. ಗೆದ್ದಿತು. ಆಮೇಲೆ ಚಾಪ್‌ಮನ್ ಅವರು ಕೇರಳದ ಎಫ್.ಸಿ. ಕೊಚ್ಚಿನ್ ತಂಡಕ್ಕೆ ಹೋದರು. 1998ರಲ್ಲಿ ತಿರುಗಿ ಈಸ್ಟ್ ಬೆಂಗಾಲಿಗೆ ಬಂದರು. 2000-01ರ ರಾಷ್ಟ್ರೀಯ ಲೀಗನ್ನು ಈಸ್ಟ್ ಬೆಂಗಾಲ್ ಗೆದ್ದಾಗ ಅವರೇ ತಂಡದ ನಾಯಕರು.

1991ರಿಂದ 2001ರವರೆಗೆ ಅವರು ಭಾರತಕ್ಕಾಗಿ ಆಡಿದರು, ಭಾರತ ತಂಡದ ನಾಯಕರೂ ಆದರು. 1997ರಲ್ಲಿ ನೇಪಾಳದ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾದ ಕಪ್ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. ಕೊನೆಯ ಆಟದಲ್ಲಿ ಭಾರತ ಮಾಲ್ಡೀವ್ಸ್ ದೇಶವನ್ನು 5-1ರಿಂದ ಸೋಲಿಸಿತು.

ಕೋಚ್ ಆದದ್ದು

2001ರಲ್ಲಿ ಚಾಪ್‌ಮನ್ ಅವರು ಆಡುವುದು ನಿಲ್ಲಿಸಿದರು. ಆಗ ಅವರ ವಯಸ್ಸು 30. ನಮ್ಮ ಅಪ್ಪನ ವಯಸ್ಸು ಅದಕ್ಕಿಂತ ಹೆಚ್ಚು. ಅಪ್ಪ ದಿನಾ ಹೊಲಕ್ಕೆ ಹೋಗುತ್ತಾನೆ. ಆದರೆ ಫುಟ್‌ಬಾಲ್ ಆಟಗಾರನ ಕಾಲು ಮೂವತ್ತಕ್ಕೇ ದಣಿಯಲು ಶುರು ಮಾಡುತ್ತವೆ. 90 ನಿಮಿಷ ಓಡಬೇಕು. ಮುಂದೆ ಎಷ್ಟೋ ವರ್ಷ ಬಾಳುವುದು ಇರುತ್ತದೆ. ಕಲಿತದ್ದೆಲ್ಲಾ ತಲೆಯಲ್ಲಿ ಇರುತ್ತದೆ, ಕಾಲು ಮಾತ್ರ ಬರುವುದಿಲ್ಲ. ಆಗ ಏನು ಮಾಡಬೇಕು?

ಚಾಪ್‌ಮನ್ ಅವರು 2002ರಲ್ಲಿ ಜಮ್‌ಶೆಡ್‌ಪುರದ ಅದೇ ಟಾಟಾ ಅಕಾಡೆಮಿಗೆ ಹೋದರು. ಈ ಸಲ ಕಲಿಯಲು ಅಲ್ಲ, ಕಲಿಸಲು. 19 ವರ್ಷದವರಿದ್ದಾಗ ವಿದ್ಯಾರ್ಥಿಯಾಗಿ ನಿಂತ ಮೈದಾನದಲ್ಲಿ 31 ವರ್ಷಕ್ಕೆ ಕೋಚ್ ಆಗಿ ನಿಂತರು. ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಸೇರಿದ್ದು ಈ ಸಂಗತಿ. ನಮ್ಮ ಶಾಲೆಯಲ್ಲಿ ಕಲಿತ ಹುಡುಗ ಮುಂದೆ ನಮ್ಮ ಶಾಲೆಗೇ ಮಾಸ್ತರ್ ಆಗಿ ಬಂದರೆ ಹೇಗೆ ಇರುತ್ತದೆ, ಹಾಗೆ.

ಆಮೇಲೆ ಅವರು ಮೇಘಾಲಯದ ಶಿಲ್ಲಾಂಗಿನಲ್ಲಿ ರಾಯಲ್ ವಾಹಿಂಗ್‌ಡೋ ತಂಡಕ್ಕೆ, ಕೋಲ್ಕತ್ತಾದಲ್ಲಿ ಭವಾನಿಪುರ್ ತಂಡಕ್ಕೆ, ಬೆಂಗಳೂರಿನಲ್ಲಿ ಸ್ಟೂಡೆಂಟ್ಸ್ ಯೂನಿಯನ್ ತಂಡಕ್ಕೆ, ದೆಹಲಿಯಲ್ಲಿ ಸುದೇವಾ ತಂಡಕ್ಕೆ ಕೋಚ್ ಆದರು. 2017ರಲ್ಲಿ ಕೇರಳದ ಕೋಳಿಕ್ಕೋಡಿನ ಒಂದು ಫುಟ್‌ಬಾಲ್ ಅಕಾಡೆಮಿಗೆ ತಾಂತ್ರಿಕ ನಿರ್ದೇಶಕರಾದರು. ಇವು ಬಹಳ ಜನರಿಗೆ ಗೊತ್ತಿರುವ ದೊಡ್ಡ ತಂಡಗಳಲ್ಲ. ಭಾರತ ತಂಡದ ನಾಯಕರಾಗಿದ್ದವರು ಸಣ್ಣ ತಂಡಕ್ಕೆ ಹೋಗಲು, ಹುಡುಗರಿಗೆ ಕಲಿಸಲು ನಾಚಲಿಲ್ಲ.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಕೋಚ್ ಕೆಲಸ ಏನು?

ಕೋಚ್ ಅಂದರೆ ಸೀಟಿ ಊದಿ ಬಯ್ಯುವವರು ಅಂತ ನಾನು ತಿಳಿದಿದ್ದೆ. ಅದು ತಪ್ಪು. ಕೋಚ್ ಮಾಡುವ ಕೆಲಸಗಳು ಇವು:

1. ಯಾರಿಗೆ ಯಾವ ಜಾಗ ಹೊಂದುತ್ತದೆ ಅಂತ ನೋಡಿ ನಿಲ್ಲಿಸುವುದು. ಜೋರಾಗಿ ಓಡುವವನನ್ನು ಬದಿಗೆ, ಎತ್ತರದವನನ್ನು ಗೋಲಿನ ಹತ್ತಿರ, ಎಲ್ಲರನ್ನೂ ನೋಡುವವನನ್ನು ನಡುವೆ.
2. ದಿನಾ ಅಭ್ಯಾಸ ಮಾಡಿಸುವುದು. ಆಟಕ್ಕೆ ಮೊದಲು ಮೈ ಬೆಚ್ಚಗೆ ಮಾಡಿಸುವುದು, ಇಲ್ಲದಿದ್ದರೆ ಸ್ನಾಯು ಹಿಡಿಯುತ್ತದೆ.
3. ಎದುರಿನ ತಂಡ ಹೇಗೆ ಆಡುತ್ತದೆ ಅಂತ ಮೊದಲೇ ತಿಳಿದುಕೊಳ್ಳುವುದು.
4. 45 ನಿಮಿಷ ಆದ ಮೇಲೆ ಬರುವ ವಿರಾಮದಲ್ಲಿ ತಪ್ಪು ತಿಳಿಸುವುದು, ದಣಿದವನನ್ನು ಬದಲಿಸುವುದು.
5. ಸೋತ ದಿನ ಹುಡುಗರ ಕೈ ಬಿಡದೆ ಇರುವುದು.

ಇನ್ನೊಂದು ಮುಖ್ಯ ನಿಯಮ ಐತಿ. ಆಟ ನಡೆದಾಗ ಕೋಚ್ ಗೆರೆಯ ಹೊರಗೇ ನಿಲ್ಲಬೇಕು. ಎಷ್ಟು ದೊಡ್ಡ ಆಟಗಾರನಾಗಿದ್ದರೂ ಒಳಗೆ ಬಂದು ಚೆಂಡು ಒದೆಯುವಂತಿಲ್ಲ. ಪರೀಕ್ಷೆಯಲ್ಲಿ ಗುರುಗಳು ನಮ್ಮ ಬದಲು ಬರೆಯುವಂತಿಲ್ಲ, ಹಾಗೆ. ಮೊದಲೇ ಕಲಿಸಿರಬೇಕು, ಆಮೇಲೆ ನೋಡುತ್ತಾ ನಿಲ್ಲಬೇಕು.

ವಿಚಾರ ಮಾಡಿದರೆ ಮಿಡ್‌ಫೀಲ್ಡರ್ ಕೆಲಸವೂ ಕೋಚ್ ಕೆಲಸವೂ ಅಣ್ಣ ತಮ್ಮ ಇದ್ದ ಹಾಗೆ. ಇಬ್ಬರೂ ಎಲ್ಲರನ್ನೂ ನೋಡಬೇಕು. ಇಬ್ಬರೂ ತಮ್ಮ ಹತ್ತಿರ ಇದ್ದದ್ದನ್ನು ಬೇರೆಯವರಿಗೆ ಕೊಡಬೇಕು. ಚಾಪ್‌ಮನ್ ಅವರು ಆಡುವಾಗ ಚೆಂಡು ಕೊಟ್ಟರು, ಆಟ ಬಿಟ್ಟ ಮೇಲೆ ವಿದ್ಯೆ ಕೊಟ್ಟರು.

ಇನ್ನಿಬ್ಬರು ಕೋಚ್‌ಗಳು

ಆಡಿ ಆಮೇಲೆ ಕಲಿಸಿದವರು ಬೇರೆ ಕಡೆಯೂ ಇದ್ದಾರೆ. ಇಬ್ಬರ ಬಗ್ಗೆ ಮಾತ್ರ ಹೇಳುತ್ತೇನೆ.

ಒಬ್ಬರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರೂ ಮೊದಲು ಆಟಗಾರರು. ಉದ್ಯೋಗದಿಂದ ಶಾಲೆಯ ಶಿಕ್ಷಕರು! ಎಲ್ಲರೂ ಅವರಿಗೆ ರಹೀಮ್ ಸಾಹೇಬರು ಅನ್ನುತ್ತಿದ್ದರು. ಅವರು ಕೋಚ್ ಇದ್ದಾಗ ಭಾರತ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಬಂಗಾರದ ಪದಕ ಗೆದ್ದಿತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದರು. ಆಗ ರಹೀಮ್ ಸಾಹೇಬರಿಗೆ ಕ್ಯಾನ್ಸರ್ ಆಗಿತ್ತು. ಮರುವರ್ಷ, 1963ರಲ್ಲಿ, ತೀರಿಕೊಂಡರು. ಶಾಲೆಯ ಮಾಸ್ತರರು ಭಾರತಕ್ಕೆ ಬಂಗಾರ ತಂದುಕೊಟ್ಟರು ಅನ್ನುವುದು ನಮ್ಮ ಗುರುಗಳಿಗೂ ಹೆಮ್ಮೆಯ ವಿಷಯ.

ಇನ್ನೊಬ್ಬರು ಬಹಳ ದೂರದವರು. ಯುರೋಪಿನಲ್ಲಿ ಲಾಟ್ವಿಯಾ ಎಂಬ ಸಣ್ಣ ದೇಶ ಐತಿ. 2011ರ ಜನಗಣತಿಯಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಜನಸಂಖ್ಯೆ 21 ಲಕ್ಷಕ್ಕೂ ಹೆಚ್ಚು. ಲಾಟ್ವಿಯಾದಲ್ಲಿ ಈಗ ಇಡೀ ದೇಶ ಸೇರಿದರೂ 20 ಲಕ್ಷ ಆಗುವುದಿಲ್ಲ. ಅಲ್ಲಿನ ಅಲೆಕ್ಸಾಂಡರ್ಸ್ ಸ್ಟಾರ್ಕೋವ್ಸ್ ಎಂಬುವರು ಗೋಲು ಹೊಡೆಯುವ ಆಟಗಾರರಾಗಿದ್ದು ಆಮೇಲೆ ಕೋಚ್ ಆದರು. ಅವರು ಕಲಿಸಿದ ತಂಡ 2003ರಲ್ಲಿ ಟರ್ಕಿ ದೇಶವನ್ನು ಹಿಂದೆ ಹಾಕಿ 2004ರ ಯುರೋ ಕಪ್‌ಗೆ ಹೋಯಿತು. ಟರ್ಕಿ 2002ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡ! ಯುರೋ ಕಪ್‌ನಲ್ಲಿ ಲಾಟ್ವಿಯಾ ಬೇರೆ ಎರಡು ಆಟ ಸೋತಿತು. ಆದರೆ ಜರ್ಮನಿಯ ಎದುರು 0-0 ಮಾಡಿ ಸಮ ಮಾಡಿಕೊಂಡಿತು. ಜನ ಕಡಿಮೆ ಇದ್ದರೂ ಕಲಿಸುವವರು ಇದ್ದರೆ ಆಟ ಬೆಳೆಯುತ್ತದೆ ಅಂತ ಇದರಿಂದ ತಿಳಿಯುತ್ತದೆ.

ನಮ್ಮ ಶಾಲೆಗೆ ಇದರಿಂದ ಏನು?

ಗೆಳೆಯರೇ, ಬರುವ ಜೂನ್‌ನಲ್ಲಿ ನಾವು ಏಳನೇತ್ತೆಯವರು ಈ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗುತ್ತೇವೆ. ಚೆಂಡು ಇಲ್ಲಿಯೇ ಉಳಿಯುತ್ತದೆ. ಆದರೆ ಪಾಸ್ ಕೊಡುವುದು ಹೇಗೆ, ಗೋಲಿ ಎಲ್ಲಿ ನಿಲ್ಲಬೇಕು, ಚೆಂಡನ್ನು ಬೆರಳತುದಿಯಿಂದ ಒದೆಯದೆ ಪಾದದ ಒಳಬದಿಯಿಂದ ಯಾಕೆ ಒದೆಯಬೇಕು ಅನ್ನುವುದು ನಮ್ಮ ತಲೆಯಲ್ಲಿ ಐತಿ. ನಾವು ಕಲಿಸದೆ ಹೋದರೆ ಅದು ನಮ್ಮ ಜೊತೆಯೇ ಹೋಗುತ್ತದೆ. ಐದನೇತ್ತೆ, ಆರನೇತ್ತೆಯವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಮುಂದಿನ ವರ್ಷವೂ ಪಕ್ಕದ ಊರಿನವರು ನಮ್ಮನ್ನು ಸೋಲಿಸುತ್ತಾರೆ.

ಆದ್ದರಿಂದ ನಾವು ಏಳು ಜನ ಮಾತಾಡಿಕೊಂಡಿದ್ದೇವೆ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಒಂದು ತಾಸು ಸಣ್ಣವರಿಗೆ ಕಲಿಸುವುದು. ಸರ್ ಒಪ್ಪಿದ್ದಾರೆ. ನಿಜವಾದ ಗೋಲಿನ ಅಗಲ 7.32 ಮೀಟರ್, ಅಂದರೆ 24 ಅಡಿ. ಎತ್ತರ 2.44 ಮೀಟರ್, ಅಂದರೆ 8 ಅಡಿ. ಸಣ್ಣವರಿಗೆ ಅಷ್ಟು ಬೇಡ, ಹತ್ತು ಹೆಜ್ಜೆಗೆ ಎರಡು ಕಲ್ಲು ಇಡುತ್ತೇವೆ. ಹುಡುಗಿಯರೂ ಬರಬಹುದು. ನಮ್ಮ ವರ್ಗದ ಹುಡುಗಿಯರು ಖೋ-ಖೋದಲ್ಲಿ ಹುಡುಗರಿಗಿಂತ ಚುರುಕು, ಅದು ಎಲ್ಲರಿಗೂ ಗೊತ್ತು.

ಕಲಿಸುವವರು ಗೆರೆಯ ಹೊರಗೆ ನಿಲ್ಲಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ನನಗೆ ಇದು ಬಹಳ ಕಠಿಣ. ಚೆಂಡು ಕಂಡರೆ ಕಾಲು ತಡೆಯುವುದಿಲ್ಲ.

ಮೊನ್ನೆ ನಾನು ಆ ಐದನೇತ್ತೆಯ ಹುಡುಗನ ಮನೆಗೆ ಹೋಗಿದ್ದೆ. ಅವನು ಕಟ್ಟೆಯ ಮೇಲೆ ಕೂತಿದ್ದ. “ಅವತ್ತ ನಂದ ತಪ್ಪಾತು. ಶನಿವಾರ ಬಾ” ಅಂದೆ. ಅವನು ಸುಮ್ಮನೆ ಇದ್ದ. ಅವರ ಮುತ್ಯಾ ಒಳಗಿನಿಂದ “ಹೋಗೋ, ಅಣ್ಣ ಕರಿಯಾಕ ಬಂದಾನ” ಅಂದರು. ಆಗ ಅವನು “ಚೆಂಡ ಕೊಡ್ತಿ ಏನು?” ಅಂತ ಕೇಳಿದ. ಕೊಡ್ತೀನಿ ಅಂದೆ. “ನೋಡೂಣು” ಅಂದ. ಬರುತ್ತಾನೋ ಇಲ್ಲವೋ ಶನಿವಾರ ಗೊತ್ತಾಗುತ್ತದೆ.

ನೆನಪಿಡಬೇಕಾದ ಇಸವಿಗಳು

1971 – ಬೆಂಗಳೂರಿನಲ್ಲಿ ಜನನ
1990 – ಟಾಟಾ ಅಕಾಡೆಮಿ ಸೇರಿದ್ದು
1993 – ಈಸ್ಟ್ ಬೆಂಗಾಲ್, ಇರಾಕಿನ ತಂಡದ ಎದುರು ಮೂರು ಗೋಲು
1996-97 – ಜೆ.ಸಿ.ಟಿ. ತಂಡದ ಲೀಗ್ ಗೆಲುವು
2000-01 – ನಾಯಕರಾಗಿ ಲೀಗ್ ಗೆಲುವು
2002 – ಕಲಿತ ಅಕಾಡೆಮಿಗೇ ಕೋಚ್
2020 – ನಿಧನ

ಪ್ರಶ್ನೆಗಳು (ಉತ್ತರ ಬರೆದು ನನಗೆ ಕೊಡಿರಿ)

1. ಚಾಪ್‌ಮನ್ ಅವರು ಆಡಿದ, ಕಲಿಸಿದ ಊರುಗಳನ್ನು ಭಾರತದ ನಕಾಶೆಯಲ್ಲಿ ಗುರುತಿಸಿರಿ.
2. ಮಿಡ್‌ಫೀಲ್ಡರ್‌ಗೂ ಹೊಲದಲ್ಲಿ ನೀರು ತಿರುವುವವರಿಗೂ ಏನು ಹೋಲಿಕೆ?
3. ಕೋಚ್ ಗೆರೆಯ ಹೊರಗೆ ಯಾಕೆ ನಿಲ್ಲಬೇಕು?
4. ನಿಮಗೆ ಚೆನ್ನಾಗಿ ಬರುವ ಒಂದು ಕೆಲಸ ಯಾವುದು? ಅದನ್ನು ನೀವು ಯಾರಿಗೆ ಕಲಿಸಿದ್ದೀರಿ?

ನಾಲ್ಕನೇ ಪ್ರಶ್ನೆಗೆ ಎಲ್ಲರೂ ಉತ್ತರ ಬರೆಯಲೇಬೇಕು. ಲೇಖನದಲ್ಲಿ ತಪ್ಪು ಇದ್ದರೆ ಗುರುಗಳು ಕೆಂಪು ಪೆನ್ನಿನಿಂದ ತಿದ್ದಬೇಕೆಂದು ವಿನಂತಿ. ಇಷ್ಟು ಹೇಳಿ ನನ್ನ ಬರಹ ಮುಗಿಸುತ್ತೇನೆ.

ಏಳನೇ ತರಗತಿಯ ವಿದ್ಯಾರ್ಥಿ